ಅಕ್ಕನ ಕೋಣೆಯ ಚಿಲಕ

ನಮ್ಮಕ್ಕ ಎಪ್ಪತ್ತೊಂದನೇ ವಯಸ್ಸಿನಲ್ಲಿ ಮನೆ ಕಟ್ಟಿಸಿದಳು ಎಂದು ನೆಂಟರೆಲ್ಲ ಹೇಳಿಕೊಂಡು ತಿರುಗುತ್ತಾರೆ. ಸುಳ್ಳು! ಅವಳು ಕಟ್ಟಿಸಿದ್ದು ಬಾಗಿಲು. ಆ ಬಾಗಿಲು ಬೀಳದ ಹಾಗೆ ಹಿಡಿದುಕೊಳ್ಳಲಿ ಎಂದು ಸುತ್ತ ಒಂದಿಷ್ಟು ಗೋಡೆ, ಮೇಲೊಂದು ತಾರಸಿ ಹಾಕಿಸಿದಳು, ಅಷ್ಟೇ. ಜೊತೆಯಲ್ಲಿ ಓಡಾಡಿ ಚಪ್ಪಲಿ ಸವೆಸಿದವನು ನಾನು, ನನಗೆ ಗೊತ್ತಿಲ್ಲವೇ?

ಅಕ್ಕ ಮದುವೆಯಾಗಲಿಲ್ಲ. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸ ಮಾಡಿಕೊಂಡು, ಹನುಮಂತನಗರದ ಮನೆಯಲ್ಲಿ ನಮ್ಮೊಂದಿಗೇ ಇದ್ದಳು. ಜೆ.ಪಿ. ನಗರದಲ್ಲಿ ಎಂದೋ ಕೊಂಡಿದ್ದ ಇಪ್ಪತ್ತು-ಮೂವತ್ತರ ಸೈಟು ಈಗ ಅವಳಿಗೆ ಇದ್ದಕ್ಕಿದ್ದಂತೆ ನೆನಪಾಯಿತು. ಎಂಜಿನಿಯರ್ ಹುಡುಗ ನಕ್ಷೆ ಹರಡಿಕೊಂಡು ಕೂತ.

"ಆಂಟಿ, ಈಗೆಲ್ಲ ಓಪನ್ ಪ್ಲಾನೇ ಟ್ರೆಂಡು. ಹಾಲು, ಕಿಚನ್ನು, ಬೆಡ್ಡು, ಎಲ್ಲ ಒಂದೇ ಫ್ಲೋ. ಬಾಗಿಲೇ ಬೇಡ, ಸಖತ್ತಾಗಿರುತ್ತೆ."

"ಬನಶಂಕರಿ ಬಸ್ ಸ್ಟ್ಯಾಂಡೂ ಹಂಗೇ ಇದೆಯಲ್ಲಪ್ಪಾ, ಅಲ್ಲೇ ಹೋಗಿ ಮಲಗ್ತೀನಿ ಬಿಡು," ಎಂದಳು ಅಕ್ಕ. "ಉಳಿದದ್ದು ನಿನ್ನಿಷ್ಟ. ನನ್ನ ರೂಮಿಗೆ ಒಂದು ಗಟ್ಟಿ ಬಾಗಿಲು, ಅದಕ್ಕೆ ಒಳಗಿಂದ ಹಾಕ್ಕೊಳ್ಳೋ ಚಿಲಕ. ಇವೆರಡು ಬೇಕೇ ಬೇಕು."

ಆಮೇಲೆ ಶುರುವಾಯಿತು ನನ್ನ ವನವಾಸ. ಜಯನಗರದ ಒಂದು ಬಾಗಿಲಂಗಡಿಗೆ ಹೋದೆವು. ಅಲ್ಲಿ ಬಾಗಿಲುಗಳನ್ನು ಚೌಕಟ್ಟಿನ ಸಮೇತ ಸಾಲಾಗಿ ನಿಲ್ಲಿಸಿದ್ದರು, ಹಿಂದೆ ಒಂದಡಿ ಜಾಗ, ಆಮೇಲೆ ಗೋಡೆ. ನೀವಾದರೆ ಏನು ಮಾಡುತ್ತೀರಿ? ಬಾಗಿಲು ಮುಟ್ಟಿ ನೋಡಿ ಮುಂದಕ್ಕೆ ಹೋಗುತ್ತೀರಿ. ಅಕ್ಕ ಒಂದೊಂದರ ಒಳಗೂ ನುಗ್ಗಿ, ಬಾಗಿಲು ಹಾಕಿಕೊಂಡು ನಿಂತುಬಿಡುತ್ತಿದ್ದಳು! ಎರಡು ನಿಮಿಷ, ಮೂರು ನಿಮಿಷ. ಸೇಲ್ಸಿನವನಿಗೆ ಗಾಬರಿ.

"ಮೇಡಂ, ಆ ಕಡೆ ಏನೂ ಇಲ್ಲ, ಬರೀ ಗೋಡೆ!"

"ಗೊತ್ತಪ್ಪ, ಚೆನ್ನಾಗಿದೆ," ಎಂದು ಒಳಗಿನಿಂದ ಉತ್ತರ ಬಂತು.

ಗಾಜಿನ ಪಟ್ಟಿ ಇದ್ದ ಬಾಗಿಲು ತೋರಿಸಿದ್ದಕ್ಕೆ, "ನಾನೇನು ಬೇಕರಿ ದಿಲ್‌ಪಸಂದಾ, ಗಾಜಿನ ಹಿಂದೆ ಇಡೋಕೆ?" ಎಂದು ಅವನನ್ನೇ ಬೈದಳು. ಕೊನೆಗೆ ತೇಗದ ಬಾಗಿಲು ಒಪ್ಪಿಗೆಯಾಯಿತು. ಹೆಬ್ಬಾಗಿಲಿಗಲ್ಲ, ಅವಳ ಕೋಣೆಗೆ!

ಚಿಲಕದ ಅಂಗಡಿಯ ಕಥೆ ಇನ್ನೂ ದೊಡ್ಡದು. ಇದ್ದಬದ್ದ ಚಿಲಕಗಳನ್ನೆಲ್ಲ ಕೌಂಟರ್ ಮೇಲೆ ಸುರಿಸಿಕೊಂಡು, ಕಣ್ಣು ಮುಚ್ಚಿ, ಒಂದೊಂದನ್ನೂ ಎಳೆದು, ತಳ್ಳಿ, ಸದ್ದು ಕೇಳಿದಳು. ಹಿಂದೆ ಗಿರಾಕಿಗಳ ಸಾಲು ಬೆಳೆಯಿತು.

"ಅಕ್ಕಾ, ಇದು ವೀಣೆ ಅಂಗಡಿ ಅಲ್ಲ," ಎಂದ ಅಂಗಡಿಯವನು.

"ಶ್! ಸದ್ದು ಮಾಡಬೇಡಪ್ಪ," ಎಂದಳು.

ಆರಿಸಿದ್ದು ಮೊಳಕ್ಕೆ ಸ್ವಲ್ಪ ಕಮ್ಮಿ ಇದ್ದ ಹಿತ್ತಾಳೆ ಚಿಲಕ. ನನಗೆ ತಡೆಯಲಾಗಲಿಲ್ಲ. "ಕಳ್ಳ ಬರೋದು ಹೆಬ್ಬಾಗಿಲಿಂದ ಕಣಕ್ಕ!"

"ಕಳ್ಳ ಯಾವಾಗಲೋ ಒಂದ್ಸಲ ಬರ್ತಾನೆ ಕಣೋ," ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು, ನಾನೂ ನಕ್ಕೆ. ದಿನಾ ಬರುವವರು ಯಾರು ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ವಾಸ್ಕಲ್ ಪೂಜೆಯ ದಿನ ಪುರೋಹಿತರು ಹೆಬ್ಬಾಗಿಲ ಚೌಕಟ್ಟಿಗೆ ಅರಿಶಿನ, ಕುಂಕುಮ ಹಚ್ಚಿ, ಹೂವು ಏರಿಸಿ, ಏಳಬೇಕು ಅನ್ನುವಷ್ಟರಲ್ಲಿ ಅಕ್ಕ, "ಇನ್ನೊಂದು ಒಳಗಿದೆ, ಬನ್ನಿ," ಎಂದಳು.

"ಅಮ್ಮಾ, ಕೋಣೆ ಬಾಗಿಲಿಗೆಲ್ಲ ಯಾರೂ ಮಾಡಿಸಲ್ಲ."

"ಆ ಬಾಗಿಲಲ್ಲಿ ಊರೆಲ್ಲ ಬರುತ್ತೆ ಸ್ವಾಮಿ. ಈ ಬಾಗಿಲಲ್ಲಿ ನಾನೊಬ್ಬಳೇ." ಪಾಪ, ಅವರು ಮತ್ತೆ ಪಂಚೆ ಮಡಿಸಿಕೊಂಡು ಕೂತರು!

ಇಲ್ಲಿಯವರೆಗೆ ನಗುತ್ತಾ ಬರೆದೆ. ಇನ್ನು ನನ್ನ ತಪ್ಪು ಹೇಳಬೇಕು.

ಬಾಗಿಲು ಕೂರಿಸುವ ದಿನ ಬಡಗಿಯನ್ನು ಪಕ್ಕಕ್ಕೆ ಕರೆದು, "ಅಕ್ಕನ ರೂಮಿಗೆ ಆ ಚಿಲಕ ಬೇಡ. ವಯಸ್ಸಾಯ್ತು, ಒಳಗೆ ಬಿದ್ದುಬಿಟ್ರೆ ಯಾರು ಬಾಗಿಲು ಒಡೀತಾರೆ?" ಎಂದು ಹೇಳಿ, ಚಿಲಕವನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ವಯಸ್ಸು ಬರೀ ನೆಪ. ಅಕ್ಕ ನನ್ನಿಂದ ಬಾಗಿಲು ಹಾಕಿಕೊಳ್ಳುತ್ತಾಳೆ ಎಂಬುದೇ ನನಗೆ ಹಿಡಿಸಿರಲಿಲ್ಲ.

ಮರುದಿನ ಅಕ್ಕ ಬಂದು ಬಾಗಿಲನ್ನು ಮೇಲಿಂದ ಕೆಳಗೆ ಸವರಿದಳು. ಚಿಲಕ ಎಲ್ಲಿ ಎಂದು ಬಡಗಿಯನ್ನು ಕೇಳಿದಳು. "ಅಂಕಲ್ಲೇ ಬೇಡ ಅಂದ್ರು," ಎಂದ ಅವನು. ಅಕ್ಕ ಕೂಗಾಡಲಿಲ್ಲ. ನನ್ನನ್ನು ನೋಡಿ, "ಇಲ್ಲಿಗೂ ಒಂದು ಪರದೆನೇ ಕಟ್ಟಿಬಿಡು," ಎಂದಳು.

ಹನುಮಂತನಗರದ ಮನೆಯಲ್ಲಿ ಇದ್ದದ್ದು ಒಂದೇ ಕೋಣೆ, ಅದು ಅಕ್ಕನದು. ನನ್ನ ಮದುವೆಯಾದಾಗ ಅದು ನನ್ನದಾಯಿತು. ಅಕ್ಕನ ಮಂಚ ಹಾಲಿನ ಮೂಲೆಗೆ ಬಂತು, ಅಡ್ಡಕ್ಕೆ ಒಂದು ಹಳೇ ಸೀರೆಯ ಪರದೆ. ಕಟ್ಟಿದವನು ನಾನೇ. ನಲವತ್ತು ವರ್ಷ, ಕನ್ನಡಕ ಎಲ್ಲಿ, ಪೇಪರ್ ಎಲ್ಲಿ ಎಂದು ಆ ಪರದೆಯನ್ನು ಸರ್ರನೆ ಸರಿಸಿ ತಲೆ ಹಾಕಿದವನೂ ನಾನೇ. ಅವಳು ಸೀರೆ ಉಡುತ್ತಿದ್ದಾಳೋ, ಅಳುತ್ತಿದ್ದಾಳೋ, ಸುಮ್ಮನೆ ಕೂತಿದ್ದಾಳೋ, ಒಂದು ದಿನವೂ ಕೆಮ್ಮಿ ಬಂದವನಲ್ಲ.

ಚೀಲದಿಂದ ಚಿಲಕ ತೆಗೆದೆ. ಬಡಗಿಯಿಂದ ಸ್ಕ್ರೂಡ್ರೈವರ್ ಇಸಿದುಕೊಂಡು ನಾನೇ ಕೂರಿಸಿದೆ. ಎರಡು ಸ್ಕ್ರೂ ಸೊಟ್ಟಗಾದವು. ಅಕ್ಕ ನೋಡುತ್ತಾ ನಿಂತಿದ್ದು, "ಸರಿ, ಆಚೆ ಹೋಗು," ಎಂದಳು. ಬಾಗಿಲು ಮುಚ್ಚಿತು. ಒಳಗಿಂದ ಚಿಲಕ ಹಾಕಿದ ಸದ್ದಾಯಿತು.

ಐದು ನಿಮಿಷವಾಯಿತು, ಹತ್ತಾಯಿತು. ನಾನು ಬೆರಳು ಮಡಿಸಿ ಮೆಲ್ಲಗೆ ಬಾಗಿಲು ತಟ್ಟಿದೆ.

"ಯಾರು?"

"ನಾನು ಅಕ್ಕಾ. ಒಳಗೆ ಬರಲಾ?"

"ಈಗ ಬೇಡ ಕಣೋ. ಆಮೇಲೆ ಬಾ."

"ಆಗಲಿ ಅಕ್ಕಾ," ಎಂದು ಅಲ್ಲೇ ಸಿಮೆಂಟಿನ ಧೂಳಿನಲ್ಲಿ ಗೋಡೆಗೆ ಒರಗಿ ಕೂತೆ. ಒಳಗಿನಿಂದ ಸಣ್ಣ ದನಿಯಲ್ಲಿ ಒಂದು ಹಾಡು ಕೇಳಿಬಂತು. ಚಿಕ್ಕಂದಿನಲ್ಲಿ ಅಕ್ಕ ಇಡೀ ದಿನ ಹಾಡುತ್ತಿದ್ದಳು. ನನ್ನ ಮದುವೆಯಾದ ಮೇಲೆ ಅವಳು ಹಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.