ನಾವು ಹೇಳಿದ್ದು, ಅಳಿಯ ಬರೆದುಕೊಂಡದ್ದು

ನನ್ನ ಅಳಿಯನಿಗೆ ತಲೆ ಕೆಟ್ಟಿಲ್ಲ, ಯಾರೂ ಮಾಟ ಮಾಡಿಸಿಲ್ಲ. ನಡೆದದ್ದು ಇಷ್ಟೇ: ಊರಿಗೆ ಊರೇ ಅವನಿಗೆ ಸುಳ್ಳು ಹೇಳಿತು. ಅದು ಸುಳ್ಳೆಂದು ಗೊತ್ತಾದ ದಿನ ಅವನು ಕೈಗೆ ಬಂದಿದ್ದ ಡಾಕ್ಟರೇಟನ್ನು ಬೇಡ ಅಂದ. ಜನ ಇದನ್ನು ಬೇರೆ ಬೇರೆ ಬಗೆಯಲ್ಲಿ ಹೇಳುತ್ತಾರೆ, ನಂಬಬೇಡಿ. ನಾನು ಅಲ್ಲೇ ಕಡಲೆಕಾಯಿ ಬಿಡಿಸುತ್ತಾ ಕೂತಿದ್ದೆ.

ಅಳಿಯ ರಾಯದುರ್ಗದ ಕಡೆಯವನು. ಕಾಲೇಜಿನಲ್ಲಿ ಪಾಠ ಹೇಳುತ್ತಾನೆ, ಕೆಲಸ ಮಾತ್ರ ಇನ್ನೂ ಖಾಯಂ ಆಗಿಲ್ಲ. ಒಂದು ದಪ್ಪ ಪುಸ್ತಕ ಬರೆದು ಒಪ್ಪಿಸಿದರೆ ಡಾಕ್ಟರೇಟು, ಡಾಕ್ಟರೇಟು ಬಂದರೆ ಖಾಯಂ. ಏನು ಬರೆಯುತ್ತೀಯಪ್ಪ ಅಂದರೆ, ಮಡಕಶಿರದ ಸುತ್ತ ನಾವು ರೇಷ್ಮೆ ಹುಳು ಸಾಕುತ್ತೇವಲ್ಲ, ಅದನ್ನೇ ಅಂತೆ! ಸೊಪ್ಪು ಹಾಕಿ ಕಸ ಗುಡಿಸುವುದರಿಂದ ಡಾಕ್ಟರ್ ಆಗಬಹುದೆಂದು ಮೊದಲೇ ಯಾರಾದರೂ ಹೇಳಿದ್ದರೆ, ಮೂರನೇ ಕ್ಲಾಸಿಗೆ ಶಾಲೆ ಬಿಟ್ಟ ನಾನು ಇಷ್ಟು ಹೊತ್ತಿಗೆ ಎರಡು ಸಲ ಡಾಕ್ಟರ್ ಆಗಿರುತ್ತಿದ್ದೆ.

ಮನುಷ್ಯ ಒಳ್ಳೆಯವನೇ. ಆದರೆ ಒಪ್ಪಿಗೆ ಕೇಳದೆ ಸೀನುವುದೂ ಇಲ್ಲ! ಮೊದಲ ದಿನ ನನ್ನ ಮುಂದೆ ಫೋನು ಇಟ್ಟುಕೊಂಡು ಚಕ್ಕಳಮಕ್ಕಳ ಹಾಕಿ ಕೂತ.

"ಅತ್ತೀ, ನಾ ಕೇಳಿದ್ದಕ್ಕ ನೀವು ಉತ್ತರ ಹೇಳ್ಲೇಬೇಕು ಅಂತ ಇಲ್ರಿ. ಮನಸ್ಸಿಲ್ಲಂದ್ರ ಯಾವಾಗ ಬೇಕಾದ್ರೂ ಎದ್ದು ಹೋಗಬಹುದ್ರಿ."

"ಇದು ನನ್ ಮನೆ ಕಣಪ್ಪ. ಎದ್ದು ಎಲ್ಲಿಗೋಗ್ಲಿ?"

ಅವನು ನಗಲಿಲ್ಲ. "ಅದೂ ನಿಮ್ಮ ಇಷ್ಟಾರಿ" ಅಂದ. ನನ್ನ ಮನೆಯಲ್ಲಿ ನಾನೇ ನೆಂಟಳಾದೆ!

ಪಕ್ಕದ ಮನೆ ಗಂಗಮ್ಮನ ಹತ್ತಿರ ಹೋದಾಗ ಇನ್ನೂ ಚೆಂದ. "ನಿಮ್ಮ ಹೆಸರು ಪುಸ್ತಕದಾಗ ಎಲ್ಲೂ ಬರಂಗಿಲ್ರಿ" ಅಂತ ಭರವಸೆ ಕೊಟ್ಟ. ಅವಳು ಸೊಂಟಕ್ಕೆ ಕೈ ಇಟ್ಟಳು.

"ಯಾಕ್ ಬರಲ್ಲ? ನನ್ ಹೆಸ್ರಿಗೆ ಏನ್ ರೋಗ? ನಾನೇನ್ ಯಾರ್ದಾನ ಕೋಳಿ ಕದ್ದಿದೀನಾ?"

"ಹಂಗಲ್ರಿ, ಮುಂದ ನಿಮಗ ತೊಂದ್ರಿ ಆಗಬಾರ್ದು ಅಂತ."

"ಹೆಸ್ರು ಹಾಕಲ್ಲ ಅಂದ್ರೆ ನಿಂಗೆ ಈಗ್ಲೇ ತೊಂದ್ರೆ ಐತೆ. ಎದ್ದೇಳು!"

ಇವನು ಎದ್ದು, ಕೈ ಮುಗಿದು, "ಭಾಳ ಚಲೋ ಆತ್ರಿ" ಎಂದು ಬಂದ. ಬೈಸಿಕೊಂಡು ಥ್ಯಾಂಕ್ಸ್ ಹೇಳುವವನನ್ನು ಎಲ್ಲಾದರೂ ಕಂಡಿದ್ದೀರಾ? ಗಂಗಮ್ಮನಿಗೂ ಗಲಿಬಿಲಿಯಾಗಿ, ಮಾರನೇ ದಿನ ಅವಳೇ ಕರೆದು ಕೂರಿಸಿ ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಉತ್ತರ ಏನು ಹೇಳಿದಳು ಅನ್ನುವುದೇ ಮುಂದಿನ ಫಜೀತಿ.

ವರ್ಷಗಟ್ಟಲೆ ಹೀಗೆ ಮನೆಮನೆ ಅಲೆದು ಬರೆದ. ಮೊನ್ನೆ ಒಂದು ಮಧ್ಯಾಹ್ನ ಜಗಲಿಯಲ್ಲಿ ಕೂತು, ಬರೆದದ್ದರ ಸಾರವನ್ನು ನನಗೆ ಓದಿ ಹೇಳಿದ. ಮುಖ ಸಪ್ಪಗಿತ್ತು.

"ನಿಮ್ಮೂರಾಗ ಪ್ರತಿ ಸಲ ಅರ್ಧ ಹುಳ ರೋಗಕ್ಕ ಸಾಯ್ತಾವ್ರಿ ಅತ್ತೀ. ಭಾಳ ಬ್ಯಾಸರ ಆತು."

ನನಗೆ ನಗು ತಡೆಯಲಿಲ್ಲ. "ಯಾರಪ್ಪ ಹೇಳಿದ್ದು?"

"ನೀವಾ ಹೇಳೀರಿ! ಗಂಗಮ್ಮಾರು ಹೇಳ್ಯಾರ. ಎಲ್ಲಾರೂ ಹೇಳ್ಯಾರ."

"ಅಯ್ಯೋ, ಅದು ಹೇಳೋ ಮಾತು ಕಣಪ್ಪ!"

"ಹೇಳೋ ಮಾತು ಅಂದ್ರ?"

ಇಷ್ಟು ಓದಿದವನಿಗೆ ಇದನ್ನೂ ಬಿಡಿಸಿ ಹೇಳಬೇಕೇ? ಹುಳು ಮನೆಯಲ್ಲಿರುವಾಗ ಬೆಳೆ ಹೇಗಿದೆ ಎಂದು ಯಾರಾದರೂ ಕೇಳಿದರೆ ಚೆನ್ನಾಗಿದೆ ಅನ್ನುತ್ತಾರೆಯೇ? ದೃಷ್ಟಿ ತಗುಲಿ ಬೆಳಗಾಗುವುದರೊಳಗೆ ಹುಳು ಸತ್ತು ತಟ್ಟೆಗೆ ತಟ್ಟೆ ಕಪ್ಪಾದೀತು. ಬೆಳೆ ಚೆನ್ನಾಗಿದ್ದರೆ 'ಅರ್ಧ ಹೋಯ್ತಮ್ಮ' ಅನ್ನಬೇಕು. ತುಂಬಾ ಚೆನ್ನಾಗಿದ್ದರೆ 'ಏನೂ ಉಳೀಲಿಲ್ಲ' ಅನ್ನಬೇಕು. ನಿಜವಾಗಿ ಹೋಗಿದ್ದರೆ ಯಾರೂ ಬಾಯಿ ಬಿಡುವುದಿಲ್ಲ. ಕೇಳುವವರಿಗೂ ಗೊತ್ತು, ಹೇಳುವವರಿಗೂ ಗೊತ್ತು. ಇಷ್ಟು ವರ್ಷದಲ್ಲಿ ಯಾರಿಗೂ ಮೋಸವಾಗಿಲ್ಲ.

ಇದನ್ನು ಕೇಳಿ ಅಳಿಯ ಬೆವರಿದ. ಸೀದಾ ಗೈಡಿಗೆ ಫೋನು ಮಾಡಿದ. ಗೈಡ್ ಅಂದರೆ ಈ ಪುಸ್ತಕ ಬರೆಸುವ ದೊಡ್ಡ ಮೇಷ್ಟ್ರು. ಆ ಮೇಷ್ಟ್ರ ದನಿ ನನಗೂ ಕೇಳಿಸುತ್ತಿತ್ತು. "ಎವರು ಚೂಸ್ತಾರಯ್ಯಾ! ಯಾರು ನೋಡ್ತಾರೆ? ಜನ ಹೇಳಿದ್ದನ್ನ ನೀನು ಬರೆದಿದೀಯ, ಮುಗೀತು. ಈ ತಿಂಗಳೇ ಕೊಟ್ಟುಬಿಡು. ಇಲ್ಲಾಂದ್ರೆ ಆ ಪೋಸ್ಟು ಇನ್ನೊಬ್ಬರಿಗೆ ಹೋಗುತ್ತೆ."

"ನಿನ್ನೆ ಕೊಟ್ಟಿದ್ರ ಬ್ಯಾರೆ ಮಾತ್ರಿ ಸಾರ್. ಈಗ ನನಗ ಗೊತ್ತಾತಲ್ರಿ."

ನಾನು ನಡುವೆ ಬಾಯಿ ಹಾಕಿದೆ. "ಅದಕ್ಕೇನಂತೆ? ನಾವೆಲ್ಲ ನಿಜಾನೇ ಹೇಳಿದ್ವಿ ಅಂತ ನಾನು ಹೇಳ್ತೀನಿ, ಫೋನ್ ಕೊಡಿಲ್ಲಿ!"

"ಇನ್ನೊಂದು ಸುಳ್ಳು ಬ್ಯಾಡ್ರಿ ಅತ್ತೀ!" ಎಂದು ಫೋನನ್ನು ಎದೆಗೆ ಒತ್ತಿಕೊಂಡ. ಆಮೇಲೆ ಮೇಷ್ಟ್ರಿಗೆ "ಈ ಪುಸ್ತಕ ಕೊಡಂಗಿಲ್ರಿ ಸಾರ್" ಅಂದು ಫೋನು ಇಟ್ಟುಬಿಟ್ಟ.

ನನ್ನ ಮಗಳು ಒಳಗಿನಿಂದ ಹಿಟ್ಟಿನ ಕೈಯಲ್ಲೇ ಬಂದಳು. "ಖಾಯಂ ಆಗ್ತೈತೆ ಅಂತ ಕಾಯ್ಕಂಡು ಕೂತಿದೀನಿ. ನಿಮ್ ಪುಸ್ತಕ ಓದಿ ಯಾರ್ ಸಾಯ್ತಾರೆ?" ಅಂದಳು.

"ಹುಳ ಸಾಯ್ತಾವ" ಅಂದ. "ಇದನ್ನ ಓದಿದ ರೇಷ್ಮೆ ಇಲಾಖೆಯೋರು ನಿಮ್ಮೂರಾಗ ರೋಗ ಐತಿ ಅಂತ ನಂಬ್ತಾರ. ಇಲ್ಲದ ರೋಗಕ್ಕ ಔಷಧಿ ತಂದು ಹೊಡಸ್ತಾರ. ಆವಾಗ ಆ ವಿಷಕ್ಕ ನಿಜವಾಗ್ಲೂ ಅರ್ಧ ಹೋಗ್ತಾವ."

ಮಗಳು ಅರ್ಥವಾದವಳಂತೆ ತಲೆಯಾಡಿಸಿ, ಹಿಟ್ಟಿನ ಕೈ ಒರೆಸಿಕೊಂಡು ಒಳಗೆ ಹೋದಳು. ನನಗೆ ಮಾತ್ರ ತಲೆ ಗಿರ್ರಂತು. ನಾವು ಹೇಳಿದರೆ ಅದು ಸುಳ್ಳಲ್ಲ, ಅವನು ಬರೆದರೆ ಸುಳ್ಳು! ನಮ್ಮ ಜಗಲಿಯ ಮೇಲೆ ಹುಳು ಕಾಯುವ ಮಾತು, ಅವನ ಪುಸ್ತಕಕ್ಕೆ ಹೋದರೆ ಅದೇ ಹುಳುವನ್ನು ಕೊಲ್ಲುತ್ತದೆ! ಇದೆಂಥ ಲೆಕ್ಕ? ಈಗಲೂ ನನಗೆ ಪೂರ್ತಿ ಬಗೆಹರಿದಿಲ್ಲ.

"ಹಂಗಾದ್ರೆ ನಾವು ತಪ್ಪು ಮಾಡಿದ್ವಾ?" ಎಂದು ಕೇಳಿದೆ.

"ಇಲ್ರಿ, ತಪ್ಪು ನಂದು. ನಿಮ್ಮನ್ನ ಹೆಂಗ ಕೇಳಬೇಕು ಅಂತ ತಿಳೀದಾ ಕೇಳಿದೆ. ಮೊದಲಿಂದ ಕೇಳಬೇಕು."

ನಮ್ಮನ್ನು ಬೈಯಲಿಲ್ಲ. ಬೈದಿದ್ದರೆ ನಾಲ್ಕು ತಿರುಗಿ ಬೈದು ಹಗುರಾಗುತ್ತಿದ್ದೆ. ಸಂಜೆ ಮುದ್ದೆ ಮುಂದಿಟ್ಟುಕೊಂಡು ಕೂತ, ಬೇಕು ಅನ್ನಲಿಲ್ಲ, ಬೇಡ ಅನ್ನಲಿಲ್ಲ. ಬೆಳೆ ಹೋದ ಮನೆಯವರು ಹಾಗೆ ಕೂರುವುದನ್ನು ನಾನು ನೋಡಿದ್ದೇನೆ.

ಮಾರನೇ ಬೆಳಿಗ್ಗೆ ಎದ್ದವಳೇ ಹುಳುವಿನ ಮನೆ ಬಾಗಿಲು ತೆಗೆದೆ. ಹಣ್ಣಾದ, ಅಂದರೆ ಗೂಡು ಕಟ್ಟಲು ಸಿದ್ಧವಾದ ಹುಳುಗಳನ್ನು ಚಂದ್ರಿಕೆಗೆ ಬಿಟ್ಟಾಗಿತ್ತು. ಬಿದಿರಿನ ಸುತ್ತುಗಳ ತುಂಬ ಹಳದಿ ಗೂಡು ಕಟ್ಟಿಕೊಳ್ಳುತ್ತಿದ್ದವು. ಇಂಥ ಹೊತ್ತಿನಲ್ಲಿ ನಾವು ಬೇರೆಯವರನ್ನು ಹೊಸಿಲಿನ ಹತ್ತಿರ ಬಿಟ್ಟುಕೊಳ್ಳುವುದಿಲ್ಲ. ಅಳಿಯನ ಅಂಗಿ ತೋಳು ಹಿಡಿದು ಎಳೆದುಕೊಂಡು ಬಂದು ಒಳಗೇ ನಿಲ್ಲಿಸಿದೆ. ಕೊಳಾಯಿ ಹತ್ತಿರ ಗಂಗಮ್ಮ ನೀರು ಹಿಡಿಯುತ್ತಿದ್ದಳು. ಅವಳಿಗೂ ಕೇಳಲೆಂದು ಗಟ್ಟಿಯಾಗಿಯೇ ಹೇಳಿದೆ:

"ಬರ್ಕಳಪ್ಪ. ಈ ಸಲ ಬೆಳೆ ಚೆನ್ನಾಗೈತೆ. ಹೋದ ಸಲವೂ ಚೆನ್ನಾಗಿತ್ತು."

ಹುಟ್ಟಿದಾಗಿನಿಂದ ಆಡದ ಮಾತು. ಅಳಿಯ ಬರೆದುಕೊಳ್ಳುವುದು ಬಿಟ್ಟು ನನ್ನ ಕೈ ಹಿಡಿದುಕೊಂಡು ನಿಂತಿದ್ದ. ಗಂಗಮ್ಮನ ಬಿಂದಿಗೆ ತುಂಬಿ ಹರಿಯುತ್ತಿತ್ತು. ಅವಳು ನೋಡುತ್ತಲೇ ಇದ್ದಳು.

"ಏನೇ ಹಂಗ್ ನೋಡ್ತೀಯ?" ಅಂದೆ. "ನೀರು ನಿಲ್ಸು. ಈಗ ನಿಮ್ಮನೇಗೇ ಬರ್ತಾ ಇದೀವಿ."