ಅಮರೇಶಪ್ಪನವರ ಸೊನ್ನೆ ನೀರು

ಹಗಲುಗನಸು ಕಾಣುವುದರಲ್ಲಿ ಅಮರೇಶಪ್ಪನವರನ್ನು ಮೀರಿಸುವವರು ಇಡೀ ಮಲ್ಕಾಜ್‌ಗಿರಿಯಲ್ಲಿ ಯಾರೂ ಇರಲಿಲ್ಲ. ಈಚೆಗೆ ಅವರಿಗೆ ಒಂದೇ ಕನಸು: ಆರು ತಿಂಗಳ ಮೊಮ್ಮಗಳು ಪಿಂಕಿಗೆ ಮೊದಲ ತುತ್ತು ತಾವೇ ಉಣಿಸಬೇಕು. ಬೆಳ್ಳಿ ಚಮಚ, ತೆಳ್ಳಗಿನ ಅಕ್ಕಿ ಪಾಯಸ, ಮೆಲ್ಲಗೆ ತೆರೆಯುವ ಪುಟ್ಟ ಬಾಯಿ. ಕನಸು ಅಲ್ಲಿಗೇ ನಿಲ್ಲದೆ ಇಪ್ಪತ್ತೈದು ವರ್ಷ ಮುಂದಕ್ಕೆ ತೇಲಿ, ಪಿಂಕಿ ದೊಡ್ಡ ವೇದಿಕೆ ಮೇಲೆ ನಿಂತು “ಇದಕ್ಕೆಲ್ಲಾ ನಮ್ಮಜ್ಜ ಉಣಿಸಿದ ಮೊದಲ ತುತ್ತೇ ಕಾರಣ” ಅನ್ನುವತನಕ ಹೋಗಿ ಬರುತ್ತಿತ್ತು. ಸೊಸೆ ಶೈಲಶ್ರೀಯೂ ದೊಡ್ಡ ಮನಸ್ಸು ಮಾಡಿ, ಆಗಲಿ ಮಾವಾರ, ನೀವೇ ಉಣಸ್ರಿ ಅಂದಿದ್ದಳು.

ಕೆಡಿಸಿದ್ದು ಫೋನು. ಕೂಸಿನ ಡಬ್ಬಿ ಹಿಟ್ಟಿನಲ್ಲಿ ಸೀಸ, ಅಕ್ಕಿಯಲ್ಲಿ ಆರ್ಸೆನಿಕ್, ಬೋರಿನ ನೀರಲ್ಲಿ ಫ್ಲೋರೈಡ್ ಅಂತ ಯಾರೋ ಮಹಾನುಭಾವರು ಅದರಲ್ಲಿ ಬೆದರಿಸಿದ್ದೇ ತಡ, ಅಮರೇಶಪ್ಪನವರು ಮರುದಿನವೇ ಸುಲ್ತಾನ್ ಬಜಾರಿಗೆ ಹೋಗಿ ನೀರು ಎಷ್ಟು ಶುದ್ಧ ಅಂತ ಅಳೆಯುವ ಮೀಟರ್ ತಂದರು. ಸಂಖ್ಯೆ ಇಳಿದಷ್ಟೂ ನೀರು ಶುದ್ಧ ಅಂದಿದ್ದ ಅಂಗಡಿಯವನು. ನಳದ ನೀರಿಗೆ ಅದ್ದಿದರೆ ಮುನ್ನೂರು, ಟ್ಯಾಂಕರ್ ನೀರಿಗೆ ಎಂಟುನೂರು. (ಹೆಂಡತಿ ಶಿವದೇವಿಯ ಚಹಾಕ್ಕೂ ಅದ್ದಿದರು. ಬಂದ ಸಂಖ್ಯೆಯನ್ನು ಜೀವದ ಆಸೆಯಿಂದ ಯಾರಿಗೂ ಹೇಳಲಿಲ್ಲ.)

ಸೊನ್ನೆ ತೋರಿಸುವ ನೀರು ಬೇಕಲ್ಲಾ ಅಂತ ಕಣ್ಣು ಮುಚ್ಚಿ ಕೂತಾಗ ಥಟ್ಟನೆ ಹೊಳೆಯಿತು. ಮೂವತ್ನಾಲ್ಕು ವರ್ಷ ಅವರು ರೈಲ್ವೆಯಲ್ಲಿ ಮಾಡಿದ್ದಾದರೂ ಏನು? ಬೋಗಿಗಳ ದೀಪದ ಬ್ಯಾಟರಿಗೆ ನೀರು ಹಾಕಿದ್ದು. ಅಂಥ ಶುದ್ಧ ನೀರು ಲೋಕದಲ್ಲೇ ಇಲ್ಲ. ಬೇಗಂಪೇಟೆಯ ಒಂದು ಅಂಗಡಿಯಿಂದ ಕ್ಯಾನ್ ಹೊತ್ತು ತಂದು ಮೀಟರ್ ಅದ್ದಿದರು. ಸೊನ್ನೆ. ಅವರ ಕಣ್ಣು ತುಂಬಿ ಬಂತು.

ಮೊದಲ ತುತ್ತಿನ ದಿನ ಬೆಳಿಗ್ಗೆ ಅಡುಗೆಮನೆಗೆ ಯಾರನ್ನೂ ಬಿಡದೆ, ಅಕ್ಕಿ ಏಳು ಸಲ ತೊಳೆದು ಪಾಯಸ ತಾವೇ ಮಾಡಿದರು. ಹಬೆಯೊಳಗೆ ವೇದಿಕೆ, ಹಾರ, ಚಪ್ಪಾಳೆ ಎಲ್ಲ ಮಸುಕಾಗಿ ತೇಲಿದವು. ಪಿಂಕಿಯನ್ನು ತೊಡೆ ಮೇಲೆ ಕೂರಿಸಿಕೊಂಡು ಚಮಚ ಎತ್ತಿದ್ದರು, ಅಷ್ಟರಲ್ಲಿ ಶೈಲಶ್ರೀ ಒಳಗಿಂದ ಕ್ಯಾನ್ ಹಿಡಿದುಕೊಂಡು ಓಡಿ ಬಂದಳು.

“ಮಾವಾರ, ತಡೀರಿ. ಇದು ಬ್ಯಾಟರಿ ನೀರು. ಕುಡಿಯಬಾರದು ಅಂತ ಇದರ ಮ್ಯಾಲೆ ಬರದೈತಿ.”

ಅಮರೇಶಪ್ಪನವರು ಕ್ಯಾನನ್ನೇ ನೋಡಿದರು. ಇಡೀ ನೌಕರಿಯಲ್ಲಿ ಒಂದು ದಿನವಾದರೂ ಅದರ ಚೀಟಿ ಓದಿದವರಲ್ಲ. (ಬೋಗಿಗಳೂ ಯಾವತ್ತೂ ತಕರಾರು ಮಾಡಿರಲಿಲ್ಲ.)

“ಆದರ ಮೀಟರಿನಾಗ ಸೊನ್ನಿ ಬಂದೈತಲ್ಲವಾ.”

“ಆ ಮೀಟರ್ ನೀರಾಗ ಕರಗಿದ ಉಪ್ಪು ಅಳೀತೈತ್ರಿ. ವಿಷ ಅದಕ್ಕ ತಿಳಿಯಂಗಿಲ್ಲ.”

ಅವರು ಚಮಚ ಕೆಳಗಿಟ್ಟರು. ಇನ್ನೊಂದು ಗಳಿಗೆ ತಡವಾಗಿದ್ದರೆ ಕೂಸಿಗೆ ತಾವೇ ಅದನ್ನು ಉಣಿಸಿಬಿಡುತ್ತಿದ್ದರಲ್ಲಾ ಅನ್ನುವ ಹೆದರಿಕೆಗೆ ಪಿಂಕಿಯನ್ನು ಎದೆಗೆ ಅವಚಿಕೊಂಡರು. ಶಿವದೇವಿ ಆ ಚಮಚ ತೊಳೆದಿಟ್ಟು ಕಪಾಟಿನಿಂದ ಸಣ್ಣ ಡಬರಿ ತೆಗೆದರು. ಗಂಡನನ್ನು ಬಲ್ಲವರು, ಡಾಕ್ಟರು ಹೇಳಿದ ಹಾಗೆ ಫಿಲ್ಟರ್ ನೀರು ಕುದಿಸಿ, ಪಕ್ಕದ ಮನೆ ಒಲೆ ಮೇಲೆ ಮುಂಜಾನೆಯೇ ಇನ್ನೊಂದು ಪಾಯಸ ಮಾಡಿಟ್ಟಿದ್ದರು. ಉಣಿಸುವುದು ನೀವೇ, ಆದರೆ ಮೊದಲು ಆ ಕೈ ತೊಳಕೊಂಡು ಬರ್ರಿ ಅಂದರು.

ಅಮರೇಶಪ್ಪನವರು ಬಚ್ಚಲಿಗೆ ಹೋಗಿ ಕೈಗೆ ಸೋಪು ಹಚ್ಚಿದರು. ನೊರೆ ಬೆಳ್ಳಗೆ ಉಬ್ಬಿತು, ಅದರೊಳಗೆ ಸಣ್ಣ ಕಾಮನಬಿಲ್ಲು, ಅದರಾಚೆಗೆ ಮತ್ತದೇ ವೇದಿಕೆ. ಈ ಸಲ ಪಿಂಕಿಯ ಭಾಷಣ ಭಾಳ ಉದ್ದವಿತ್ತು, ನಡುವೆ ಬಿಟ್ಟು ಏಳಲಿಕ್ಕೆ ಅವರಿಗೆ ಮನಸ್ಸಾಗಲಿಲ್ಲ.

ಹೊರಗೆ ಬಂದಾಗ ಪಿಂಕಿ ಅಜ್ಜಿಯ ಹೆಗಲ ಮೇಲೆ ಹೊಟ್ಟೆ ತುಂಬಿ ನಿದ್ದೆ ಹೋಗಿತ್ತು.

“ನಾಕು ಸಲ ಕರದ್ವಿ ಮಾವಾರ, ನೀವು ಬರಲೇ ಇಲ್ಲ. ಕೂಸು ಅಳಾಕ ಹತ್ತಿತ್ತು,” ಎಂದಳು ಶೈಲಶ್ರೀ.

ಅಮರೇಶಪ್ಪನವರು ಗೋಡೆಗೆ ಒರಗಿ ಕೂತರು. ಶಿವದೇವಿ ಡಬರಿಯ ತಳ ಕೆರೆದು, ಉಳಿದದ್ದನ್ನು ಅದೇ ಬೆಳ್ಳಿ ಚಮಚದಲ್ಲಿ ತುಂಬಿ ಗಂಡನ ಮುಂದೆ ಹಿಡಿದರು.

“ಬಾಯಿ ತೆರೀರಿ.”

ಯಾವ ನೀರಿನದು ಅಂತ ಕೇಳದೆ ಅವರು ಬಾಯಿ ತೆರೆದರು.