ಪಾಟ್‌ಲಕ್ ಪಟ್ಟಿಯ ಕಾರ್ಬೈನ್

ಶನಿವಾರದ ಘಟನೆಗಳ ಕ್ರಮ ಹೀಗಿದೆ: ಬೆಳಿಗ್ಗೆ ಎಂಟು ಹತ್ತಕ್ಕೆ ಸತ್ಯನಾರಾಯಣನು ಒಂದು ಕೋಷ್ಟಕವನ್ನು ತಪ್ಪು ಜಾಗದಲ್ಲಿ ಬರೆದು ಮುಗಿಸಿದನು, ಒಂಬತ್ತೂಕಾಲಿಗೆ ಗ್ಯಾರೇಜಿನಲ್ಲಿ ಪೊರಕೆಯನ್ನು ಭುಜಕ್ಕೆ ಆನಿಸಿ ನಿಂತನು, ಮಧ್ಯಾಹ್ನ ಮೂರು ಐವತ್ತೆರಡಕ್ಕೆ ಡೆಸ್ ಪ್ಲೇನ್ಸ್‌ನ ಬಂದೂಕಿನ ಅಂಗಡಿಯನ್ನು ತಲುಪಿದನು. ಈ ಅವಧಿಯಲ್ಲಿ ಅಮೆರಿಕದ ಅರೋರಾ ಊರಿನ ಎಂಬತ್ತನಾಲ್ಕು ಕನ್ನಡ ಕುಟುಂಬಗಳು ಅವನ ವಿಷಯದಲ್ಲಿ ಒಂದು ನಿರ್ಧಾರಕ್ಕೆ ಬಂದಿದ್ದವು.

ಸತ್ಯನಾರಾಯಣನು ಡೌನರ್ಸ್ ಗ್ರೋವ್‌ನ ಪ್ರಯೋಗಾಲಯವೊಂದರಲ್ಲಿ ಬಣ್ಣದ ಮಾದರಿಗಳನ್ನು ಪರೀಕ್ಷಿಸುವವನು. ಸಹೋದ್ಯೋಗಿಗಳೊಡನೆ ಭಾನುವಾರಗಳಂದು ಕಾಗದದ ಗುರಿಗೆ ಗುಂಡು ಹೊಡೆಯಲು ಅವನಿಗೊಂದು ಲಿವರ್ ಆ್ಯಕ್ಷನ್ ಕಾರ್ಬೈನ್ ಬೇಕಾಗಿತ್ತು. ಅಂದರೆ ಟ್ರಿಗರ್‌ನ ಕೆಳಗಿನ ಹಿಡಿಯನ್ನು ಕೆಳಗೆಳೆದು ಮೇಲೆ ತಂದರೆ ಮುಂದಿನ ಗುಂಡು ಸಿದ್ಧವಾಗುವ, ಪಿಸ್ತೂಲಿನ ಗುಂಡನ್ನೇ ಹಾರಿಸುವ ಚಿಕ್ಕ ರೈಫಲ್. ಬಂದೂಕು ಕೊಳ್ಳಲು ಬೇಕಾದ ಸರ್ಕಾರದ ಕಾರ್ಡು ಜನವರಿಯಲ್ಲೇ ಕೈಸೇರಿತ್ತು. 357 ಅಳತೆಯ ಗುಂಡಿನದನ್ನು ಕೊಳ್ಳುವುದೋ, ಅದಕ್ಕಿಂತ ದಪ್ಪ ಗುಂಡಿನ 44 ಕೊಳ್ಳುವುದೋ ಎಂಬುದು ಮಾತ್ರ ಏಳು ತಿಂಗಳಿಂದ ತೀರ್ಮಾನವಾಗಿರಲಿಲ್ಲ. ಇದೇ ಮನುಷ್ಯ ಕುಕ್ಕರ್ ಆರಿಸಲು ಹನ್ನೊಂದು ತಿಂಗಳು ತೆಗೆದುಕೊಂಡಿದ್ದನು.

ಹೆಂಡತಿ ಸುಹಾಸಿನಿ ಅಂದು ಕಾಫಿಯ ಜೊತೆ ಗಡುವನ್ನೂ ತಂದಿಟ್ಟಳು.

"ಇವತ್ತು ನಾಲ್ಕಕ್ಕೆ ಅಂಗಡಿ ಮುಚ್ಚೋದ್ರೊಳಗೆ ತಗೊಂಡ್ರೆ ತಗೊಳ್ಳಿ. ಇಲ್ದಿದ್ರೆ ಬಂದೂಕಿನ ಮಾತು ಈ ಮನೇಲಿ ಮತ್ತೆ ಎತ್ತಬಾರದು. ಊಟಕ್ಕೆ ಕೂತಾಗೆಲ್ಲ ಅದರ ತೂಕ ಕೇಳಿ ಕೇಳಿ ನನಗೇ ಗುಂಡು ತಗುಲಿದ ಹಾಗಾಗಿದೆ."

ಕನ್ನಡ ಕೂಟದ ಯುಗಾದಿ ಪಾಟ್‌ಲಕ್ ಪಟ್ಟಿಯನ್ನು, ಅಂದರೆ ಹಬ್ಬದೂಟಕ್ಕೆ ಯಾವ ಮನೆಯವರು ಯಾವ ಅಡುಗೆ ತರಬೇಕೆಂಬ ಪಟ್ಟಿಯನ್ನು, ನೋಡಿಕೊಳ್ಳುತ್ತಿದ್ದವನೂ ಸತ್ಯನಾರಾಯಣನೇ. ಯಾವ ಕೋಷ್ಟಕವನ್ನಾದರೂ ಆ ಆನ್‌ಲೈನ್ ಶೀಟಿನಲ್ಲೇ ಬರೆದು ಆಮೇಲೆ ಬೇರೆಡೆಗೆ ಸಾಗಿಸುವುದು ಅವನ ಪದ್ಧತಿ. ಅಂದು ಸಾಗಿಸುವುದನ್ನು ಮರೆತನು. ಹೀಗಾಗಿ 'ಸಿಹಿ' ಮತ್ತು 'ಕರಿದ ತಿಂಡಿ' ಪುಟಗಳ ನಡುವೆ 'ಅಂತಿಮ ನಿರ್ಧಾರ: ಶನಿವಾರ, ನಾಲ್ಕು ಗಂಟೆಯೊಳಗೆ' ಎಂಬ ಹೊಸ ಪುಟವು ಎಲ್ಲರಿಗೂ ಕಾಣಿಸಿತು. ಅದರಲ್ಲಿ 357, 44 ಎಂಬ ಎರಡು ಸಾಲುಗಳೂ, ತೂಕ, ನಳಿಗೆಯ ಉದ್ದ, ತುಂಬುವ ಗುಂಡುಗಳ ಸಂಖ್ಯೆ, ಶಬ್ದ, ಕೊನೆಗೆ 'ಒಬ್ಬನೇ ನಿಭಾಯಿಸಬಹುದೇ?' ಎಂಬ ಕಾಲಮ್ಮುಗಳಿದ್ದವು. ಓದದೆಯೇ ಉತ್ತರಿಸುವ ಯಾರೋ ಕೆಳಗೆ, "ಈರುಳ್ಳಿ, ಬೆಳ್ಳುಳ್ಳಿ ಹಾಕಿಲ್ಲ ತಾನೇ?" ಎಂದು ಬರೆದಿದ್ದರು.

ಇದಾವುದನ್ನೂ ಅರಿಯದ ಅವನು ತನ್ನ ಕೈಗೆ ಎಷ್ಟುದ್ದದ ಹಿಡಿ ಹೊಂದುತ್ತದೆಂದು ಪೊರಕೆಯ ಮೇಲೆ ಅಳೆಯುತ್ತಿದ್ದನು. ಗ್ಯಾರೇಜಿನ ದೀಪ ಕೆಟ್ಟಿದ್ದರಿಂದ ಬಾಗಿಲು ತೆರೆದಿತ್ತು. ನಲವತ್ತಡಿ ಎದುರಿಗೆ ಪ್ರಭಾ ಆಂಟಿಯ ಅಡುಗೆಮನೆಯ ಕಿಟಕಿಯಿತ್ತು. ಕಿಟಕಿಯಲ್ಲಿ ಪ್ರಭಾ ಆಂಟಿಯಿದ್ದರು.

ಹತ್ತೂವರೆಗೆ ಅವರು ಬಟ್ಟಲು ಹಿಡಿದು ಬಂದರು. ಅವರ ಕಣ್ಣುಗಳು ವಿಮಾನ ನಿಲ್ದಾಣದಲ್ಲಿ ಚೀಲ ತಪಾಸಣೆ ಮಾಡುವ ಯಂತ್ರದಂತೆ ಗ್ಯಾರೇಜನ್ನು ಜಾಲಾಡಿದವು.

"ಸತ್ಯ, ಒಂಚೂರು ಕೋಸಂಬರಿ ತಂದೆ ಕಣಪ್ಪ. ಏನು ಮಾಡ್ತಿದ್ದೆ ಬೆಳಿಗ್ಗೆ?"

ಕೂಟದಲ್ಲಿ ಸುದ್ದಿಯಾಗುವುದು ಬೇಡವೆಂದು ಅವನು ಸುಳ್ಳು ಹೇಳಿದನು. "ಬಾಗಿಲು ಅಳೀತಿದ್ದೆ ಆಂಟಿ."

"ಒಂದು ಕಣ್ಣು ಮುಚ್ಕೊಂಡಾ?"

"ಅದು... ನಿಖರವಾಗಿರಲಿ ಅಂತ."

ಆಂಟಿ ದನಿ ತಗ್ಗಿಸಿದರು. "ನೋಡು, ನನ್ನ ಬಿಸಿಬೇಳೆಬಾತ್ ತೆಗೆದು ಮೊಸರನ್ನ ಅಂತ ಬರೆದೆ ನೀನು. ಗ್ರೂಪಲ್ಲಿ ನಾನೂ ನಾಲ್ಕು ಮಾತು ಅಂದುಬಿಟ್ಟೆ. ಮನಸಲ್ಲಿ ಇಟ್ಕೊಂಡಿಲ್ಲ ತಾನೇ?"

"ಛೇ, ನಾನು ಯಾವುದನ್ನೂ ಮನಸಲ್ಲಿ ಇಟ್ಕೊಳಲ್ಲ ಆಂಟಿ. ಎಲ್ಲಾ ಶೀಟಲ್ಲಿ ಬರೆದಿಡ್ತೀನಿ."

ಪ್ರಭಾ ಆಂಟಿ ಬೆನ್ನು ತಿರುಗಿಸದೆ, ಹಿಮ್ಮುಖವಾಗಿಯೇ ತಮ್ಮ ಮನೆ ಸೇರಿದರು. ಕೋಸಂಬರಿಯೂ ಅವರೊಂದಿಗೇ ಹಿಂದಿರುಗಿತು.

ಹತ್ತು ನಿಮಿಷದಲ್ಲಿ ಅವರ ಪತಿ, ಧಾರವಾಡದ ಶ್ರೀಧರ್ ಅಂಕಲ್ ಬಂದರು.

"ಸತ್ಯಾ, ಶೀಟ್ ನೋಡೀನಿ. ಖರೇ ಹೇಳು, ಯಾರಿಗಿದು?"

ಸತ್ಯನಾರಾಯಣನು ಫೋನ್ ತೆರೆದನು, ಬೆವರಿದನು, ಪುಟವನ್ನು ಅಳಿಸಿದನು. "ಯಾರಿಗೂ ಅಲ್ಲ ಅಂಕಲ್! ಬರೀ ಕಾಗದಕ್ಕೆ!"

"ಕಾಗದಕ್ಕ ನಲವತ್ನಾಕು ಯಾಕ ಬೇಕೋ?"

ಪ್ರಶ್ನೆ ತಾಂತ್ರಿಕವಾದೊಡನೆ ಅವನ ಭಯ ಹಾರಿಹೋಯಿತು. "ನನ್ನ ವಾದವೂ ಅದೇ ಅಂಕಲ್! 44 ಕತ್ತೆ ಹಾಗೆ ಒದೆಯುತ್ತೆ. 357ರಲ್ಲಿ 38 ಸ್ಪೆಷಲ್ ಅನ್ನೋ ಮೆತ್ತನೆ ಗುಂಡೂ ಹಾಕಬಹುದು, ಒದೆತವೇ ಇಲ್ಲ ಅನ್ನಿ. ಅರವತ್ತು ದಾಟಿದವರಿಗೂ ಅದೇ ಸರಿ. ಡೆಸ್ ಪ್ಲೇನ್ಸಲ್ಲಿ ಒಂದೇ ಒಂದು ಉಳಿದಿದೆ."

ಅಂಕಲ್ ಬಿಳಿಚಿಕೊಂಡರು. "ಅರವತ್ತು ದಾಟಿದವರ ಮಾತ್ಯಾಕ ಬಂತೋ ನಡುವ?" ಎಂದವರೇ ಉತ್ತರಕ್ಕೆ ಕಾಯದೆ ಹೊರಟರು.

ಹನ್ನೆರಡೂವರೆಗೆ ಕೂಟದ ಅಧ್ಯಕ್ಷೆ ರೇಣು ತುರ್ತು ವಿಡಿಯೊ ಸಭೆ ಕರೆದರು.

"ಸತ್ಯ ಅವರೇ, ನಾವು ಅಕ್ಯೂಸ್ ಮಾಡ್ತಿಲ್ಲ. ನಾಳೆ ಯುಗಾದಿ, ಮಕ್ಕಳೂ ಬರ್ತಾರೆ. ಒಬ್ಬನೇ ನಿಭಾಯಿಸಬಹುದೇ ಅಂತ ಕೇಳಿದೀರಲ್ಲ, ಏನನ್ನ?"

ವಿವರಣೆ ಒಂದೂಮುಕ್ಕಾಲು ಗಂಟೆ ಹಿಡಿಯಿತು. ವಿವರಿಸಿದಷ್ಟೂ ತೆರೆಯ ಮೇಲಿನ ಮುಖಗಳು ಗಂಭೀರವಾದವು. ಪಾಟ್‌ಲಕ್ ಪಟ್ಟಿಯನ್ನು ಅವನಿಂದ ಹಿಂಪಡೆಯಲು ಸರ್ವಾನುಮತದಿಂದ ತೀರ್ಮಾನವಾಯಿತು.

ಎರಡೂವರೆಗೆ ಅವನು ಕಾರು ಹತ್ತಿದನು. ದಾರಿಯಲ್ಲಿ 44ರ ಪರವಾಗಿ ಹೊಸದೊಂದು ಕಾರಣ ಹೊಳೆಯಿತು. ಹೆದ್ದಾರಿಯಿಂದ ಎಕ್ಸಿಟ್ ತೆಗೆದುಕೊಂಡು, ಪಾರ್ಕಿಂಗ್ ಲಾಟ್‌ನಲ್ಲಿ ಇಪ್ಪತ್ತೈದು ನಿಮಿಷ ಮರುಲೆಕ್ಕ ಹಾಕಿದನು. 357 ಮತ್ತೆ ಗೆದ್ದಿತು.

ಅಂಗಡಿಯ ಗೋಡೆಯಲ್ಲಿ 357ರ ಜಾಗ ಖಾಲಿಯಿತ್ತು. ಅಂಗಡಿಯವನು ಇಂಗ್ಲಿಷಿನಲ್ಲಿ ಹೇಳಿದ್ದರ ಸಾರವಿಷ್ಟು: ಮಧ್ಯಾಹ್ನ ಒಂದೂವರೆಗೆ ಸೀರೆಯುಟ್ಟು, ಸ್ನೀಕರ್ಸ್ ಹಾಕಿದ್ದ ಒಬ್ಬ ಹಿರಿಯ ಮಹಿಳೆ ಗಂಡನೊಡನೆ ಬಂದಿದ್ದರು. ಮಗಳ ಮನೆಯಲ್ಲಿ ಕಳ್ಳತನವಾದಾಗ ಮಾಡಿಸಿದ್ದ ಕಾರ್ಡು ಅವರ ಪರ್ಸಿನಲ್ಲೇ ಇತ್ತು. ಫೋನಿನಲ್ಲಿ ಚಿತ್ರ ತೆಗೆದಿಟ್ಟುಕೊಂಡಿದ್ದ ಕೋಷ್ಟಕವೊಂದನ್ನು ನೋಡಿ ಐದೇ ನಿಮಿಷದಲ್ಲಿ ಆರಿಸಿದರು. ಅಷ್ಟು ಅಚ್ಚುಕಟ್ಟಾದ ಕೋಷ್ಟಕವನ್ನು ತಾನು ಕಂಡೇ ಇಲ್ಲ. ಪಾಪ, ಅವರಿಗೆ ಎದುರುಮನೆಯವನ ಭಯ.

ನಾಲ್ಕಕ್ಕೆ ಆರು ನಿಮಿಷವಿತ್ತು. ಸತ್ಯನಾರಾಯಣನು ಬದುಕಿನಲ್ಲಿ ಮೊದಲ ಬಾರಿಗೆ ಲೆಕ್ಕ ಹಾಕದೆ ಒಂದು ನಿರ್ಧಾರ ಮಾಡಿದನು: "ಹಾಗಾದರೆ 44 ಕೊಡಿ."

ಅಂಗಡಿಯವನು 44ನ್ನು ಗಾಜಿನ ಮೇಜಿನ ಮೇಲಿಟ್ಟು ಅವನ ಕಾರ್ಡನ್ನು ಕೇಳಿ ಪಡೆದನು. ವಿಳಾಸದ ಸಾಲಿನಲ್ಲಿ ಅವನ ಬೆರಳು ನಿಂತಿತು. ಆ ಬೀದಿಯ ಹೆಸರನ್ನು ಅವನು ಅಂದೇ ಒಮ್ಮೆ, ಸೀರೆಯುಟ್ಟ ಮಹಿಳೆಯ ಕಾರ್ಡಿನಿಂದ, ಬರೆದುಕೊಂಡಿದ್ದನು. ತಲೆಯೆತ್ತಿ, ಗಿರಾಕಿಯ ಕನ್ನಡಕವನ್ನೂ ಜೇಬಿನಿಂದ ಇಣುಕುತ್ತಿದ್ದ ಅಳತೆಯ ಟೇಪನ್ನೂ ದಿಟ್ಟಿಸಿದನು. ಬಳಿಕ ಕಾರ್ಡನ್ನು ಹಿಂದಿರುಗಿಸಿ, 44ನ್ನು ಗೋಡೆಗೆ ಏರಿಸಿ, "ನಾವು ಮುಚ್ಚಿದ್ದೇವೆ" ಎಂದನು.

ಫಲಿತಾಂಶ: ಏಳು ತಿಂಗಳ ಅಧ್ಯಯನದ ಪ್ರಕಾರ 357ರ ಆಯ್ಕೆಯೇ ಸರಿಯಾದುದು; ಕಾನೂನಿನ ಎಪ್ಪತ್ತೆರಡು ಗಂಟೆಗಳ ಕಾಯುವಿಕೆ ಮುಗಿದ ಮೇಲೆ, ಮಂಗಳವಾರ ಮಧ್ಯಾಹ್ನದಿಂದ, ಅದು ಸತ್ಯನಾರಾಯಣನ ಗ್ಯಾರೇಜಿಗೆ ನಲವತ್ತಡಿ ಎದುರಿನಲ್ಲಿರುತ್ತದೆ.